ಗಡಿಯಾರ ಇಲ್ಲದ ಕೋಣೆಯಲ್ಲಿ ಹದಿನಾರು ಮಧ್ಯಾಹ್ನ: ಧಾರವಾಡದ ಒಂದು ಕಸೂತಿ ಕ್ಲಾಸಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ನನಗೆ 61 ವರ್ಷ, ಹುಬ್ಬಳ್ಳಿಯವನು, ಗೂಡ್ಸ್ ಗಾಡಿಯ ಗಾರ್ಡ್ ಆಗಿ ರಿಟೈರ್ ಆದವನು. 2022ರಲ್ಲಿ ಗಾರ್ಡ್ ಅನ್ನೋ ಹೆಸರು ತೆಗೆದು ಟ್ರೇನ್ ಮ್ಯಾನೇಜರ್ ಅಂತ ಮಾಡಿದರು. ನಮ್ಮ ಮನೆಯಲ್ಲಿ ಮಾತ್ರ ನಾನು ಇನ್ನೂ ಗಾರ್ಡೇ. ಕಸೂತಿ ಕ್ಲಾಸಿನ ಬಾಗಿಲಲ್ಲಿ ನಿಂತ ಮೊದಲ ದಿನ, ಒಳಗಿದ್ದ ಏಳು ಹೆಣ್ಣುಮಕ್ಕಳು ನನ್ನನ್ನು ಕರೆಂಟ್ ಬಿಲ್ ಕೊಡೋಕೆ ಬಂದವನು ಅಂದುಕೊಂಡರು. ಒಬ್ಬಳು ಬಿಲ್ಲಿಗೆ ಕೈ ಚಾಚಿದಳು ಕೂಡ.

ಕಳಿಸಿದ್ದು ಹೆಂಡತಿ. ರಿಟೈರ್ ಆದ ಮೇಲೆ ಬೆಳಗು ಹೇಗೋ ಹೋಗುತ್ತಿತ್ತು, ಸಂಜೆಯೂ ಹೋಗುತ್ತಿತ್ತು. ಎರಡರಿಂದ ಐದರವರೆಗಿನ ಮಧ್ಯಾಹ್ನ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಅಷ್ಟು ವರ್ಷ ರಾತ್ರಿ ಡ್ಯೂಟಿ ಮಾಡಿದವನಿಗೆ ಹಗಲು ನಿದ್ದೆ ಸಲೀಸಾಗಿ ಬರಬೇಕು, ಅಲ್ವಾ? ಬರುವುದಿಲ್ಲ. ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಪಡಸಾಲೆ. ಗಡಿಯಾರ ನೋಡಿದರೆ 2.40. ಬಹಳ ಹೊತ್ತು ಬಿಟ್ಟು ಮತ್ತೆ ನೋಡಿದರೆ 2.47. ಒಂದು ಸಲ ಸೆಲ್ ಹೋಗಿರಬೇಕು ಅಂತ ಹೊಸ ಸೆಲ್ ಹಾಕಿದೆ. ಗಡಿಯಾರ ಸರಿಯಾಗೇ ಇತ್ತು.

ನಮ್ಮ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಗೊತ್ತಲ್ಲ, ಜಗತ್ತಿನಲ್ಲೇ ಉದ್ದದ್ದು. 10 ರೂಪಾಯಿ ಟಿಕೆಟ್ ತಗೊಂಡು ಅಲ್ಲೂ ಅಡ್ಡಾಡಿ ನೋಡಿದೆ. ಆ ತುದಿ ಮುಟ್ಟಿ ಬರಲು ಸುಮಾರು 40 ನಿಮಿಷ. ಎರಡನೇ ದಿನ ಕಂಬ ಎಣಿಸಿದೆ. ಮೂರನೇ ದಿನ ಎಣಿಸಲು ಏನೂ ಉಳಿದಿರಲಿಲ್ಲ. ಅದೂ ನಮ್ಮ ಪಡಸಾಲೆಯೇ, ಸ್ವಲ್ಪ ಉದ್ದ ಅಷ್ಟೆ.

"ಏನ್ರೀ, ಹಿಂಗ ಅಡ್ಡಾಡಿ ಅಡ್ಡಾಡಿ ನೆಲಾ ಸವಸಬ್ಯಾಡ್ರಿ. ನಾ ರೊಕ್ಕಾ ಕಟ್ಟೇನಿ, ನೀವು ಹೋಗಿ ಕುಂದರ್ರಿ" ಅಂದಳು ಹೆಂಡತಿ. ಕಸೂತಿ ಕಲಿಯಬೇಕೆಂದು ಫೀ ಕಟ್ಟಿದ್ದು ಅವಳು. ಕಟ್ಟಿದ ವಾರಕ್ಕೇ ಮೊಣಕಾಲು ಹಿಡಿಯಿತು. ಕ್ಲಾಸು ಇರುವುದು ಮಹಡಿ ಮೇಲೆ, ಕಡಿದಾದ 14 ಮೆಟ್ಟಿಲು. ಕಟ್ಟಿದ ಫೀ ವಾಪಸ್ ಇಲ್ಲ. ಹಾಗಾಗಿ ನಾನು.

ಕ್ಲಾಸು ಮಾಳಮಡ್ಡಿಯ ಒಂದು ಮನೆಯಲ್ಲಿ ನಡೆಯುತ್ತದೆ. ಶನಿವಾರ, ಭಾನುವಾರ ಮಧ್ಯಾಹ್ನ 2.30ರಿಂದ 5.30. ಎಂಟು ವಾರ, ಒಟ್ಟು 16 ದಿನ. ಫೀ 2,400 ರೂಪಾಯಿ. ಬಟ್ಟೆ, ದಾರ, ಸೂಜಿಗೆ 300 ಬೇರೆ. ಕಲಿಸುವ ಅಕ್ಕೋರು ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಎಂಟು ಜನಕ್ಕಿಂತ ಜಾಸ್ತಿ ಕೂರಿಸಲು ಜಾಗ ಇಲ್ಲವಂತೆ. ಆದರೂ ಮಾಳಮಡ್ಡಿಯಲ್ಲಿ ನಾಲ್ಕು ಜನರನ್ನು ಕೇಳಿದರೆ ಮನೆ ಸಿಗುತ್ತದೆ.

ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬಿ ಇದೆ. ಮೊಬೈಲ್ ಮತ್ತು ಕೈಗಡಿಯಾರ ಎರಡನ್ನೂ ಅದರೊಳಗೆ ಹಾಕಬೇಕು. ಕೋಣೆಯ ಗೋಡೆಯ ಮೇಲೂ ಗಡಿಯಾರ ಇಲ್ಲ, ಮೊದಲು ಇದ್ದ ಜಾಗದಲ್ಲಿ ಬರೀ ಮೊಳೆ ಇದೆ. ನನಗೆ ಸಿಟ್ಟು ಬಂತು. ಎಷ್ಟು ಗಂಟೆಗೆ ಹೊರಟೆವು, ಎಷ್ಟಕ್ಕೆ ನಿಂತೆವು, ಎಷ್ಟು ನಿಮಿಷ ತಡವಾಯಿತು ಅಂತ ಜರ್ನಲ್‌ನಲ್ಲಿ ಬರೆದೇ ಜೀವನ ಮಾಡಿದವನು ನಾನು. ವಾಚ್ ಬಿಚ್ಚಿದರೆ ಪ್ಯಾಂಟ್ ಬಿಚ್ಚಿದ ಹಾಗೆ ಆಗುತ್ತದೆ.

"ಗಾರ್ಡ್ ಸಾಹೇಬ್ರ, ಇಲ್ಲಿ ಎಣಸೂದು ಎಳಿ. ನಿಮಿಷ ಅಲ್ಲ" ಅಂದರು ಅಕ್ಕೋರು. ವಾಚ್ ಡಬ್ಬಿಗೆ ಬಿತ್ತು.

ಇಲ್ಲಿ ನಾನೊಂದು ಕಳ್ಳದಾರಿ ಹುಡುಕಿಕೊಂಡೆ. ಅಕ್ಕೋರ ಅಡುಗೆಮನೆಯಲ್ಲಿ ಗಡಿಯಾರ ಇದೆ. ಚಹಾಕ್ಕೆ ಟೈಮ್ ಟೇಬಲ್ ಇಲ್ಲ, ಅವರ ಕೈ ಬಿಡುವಾದಾಗ ಬರುತ್ತದೆ. ಚಹಾ ಬಂದ ಕೂಡಲೇ ಈಗ ಎಷ್ಟಾಗಿರಬಹುದು ಅಂತ ಮನಸ್ಸಲ್ಲೇ ಅಂದಾಜು ಮಾಡುವುದು. ಕುಡಿದ ಕಪ್ ಇಡುವ ನೆಪದಲ್ಲಿ ಒಳಗೆ ಹೋಗಿ ನಿಜವಾದ ಟೈಮ್ ನೋಡುವುದು. ಜೇಬಿನ ಪುಸ್ತಕದಲ್ಲಿ ಎರಡು ಕಾಲಂ ಹಾಕಿ ಬರೆದುಕೊಳ್ಳುವುದು. ಚಟ, ಬಿಡುವುದಿಲ್ಲ.

ಮೊದಲ ದಿನದ ಬರಹ ಹೀಗಿದೆ. ಅಂದಾಜು 4.15, ನಿಜ 3.20. ಅಂದರೆ 50 ನಿಮಿಷ ನನಗೆ ಒಂದೂ ಮುಕ್ಕಾಲು ತಾಸು ಅನಿಸಿತ್ತು. ಕಾರಣ ಇದೆ. ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆಯ ಮೇಲೆ ಸುಮ್ನೆ ಉದ್ದಕ್ಕೆ ಒಂದು ಗೆರೆ ಹೊಲಿಯಿರಿ ಅಂದಿದ್ದರು. ದಪ್ಪ ಬೆರಳು, ಮೊಂಡು ಸೂಜಿ, ಚಾಳೀಸು ಮೂಗಿನ ತುದಿಗೆ. ಗೆರೆ ಏನೂ ಹೇಳುತ್ತಿರಲಿಲ್ಲ, ನಾನೂ ಅದಕ್ಕೆ ಏನೂ ಹೇಳುತ್ತಿರಲಿಲ್ಲ. ಪಕ್ಕದವಳು ಎಲ್ಲಿಯವರು, ಫ್ಯಾನ್ ಯಾಕೆ ಕಿರ್ ಅನ್ನುತ್ತಿದೆ, ಚಹಾ ಬರುತ್ತದೋ ಇಲ್ಲವೋ ಅಂತ ತಲೆಯೆಲ್ಲ ಹೊರಗೇ.

ನಾಲ್ಕನೇ ದಿನ ಗಾವಂತಿ ಹೊಲಿಗೆಯಲ್ಲಿ ಗೋಪುರದ ನಮೂನೆ ಶುರುವಾಯಿತು. ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಥರದ ಹೊಲಿಗೆ. ಗಾವಂತಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಸೂಜಿ ಹೋಗುತ್ತದೆ. ಬಟ್ಟೆಯ ಮೇಲೆ ಒಂದು ಗೆರೆ, ಒಂದು ಖಾಲಿ, ಮತ್ತೆ ಗೆರೆ, ಮತ್ತೆ ಖಾಲಿ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಬರುವಾಗ ಖಾಲಿ ಬಿಟ್ಟ ಜಾಗಗಳು ತುಂಬುತ್ತವೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವಂತಿಲ್ಲ. ಸರಿಯಾಗಿ ಬಂದರೆ ಬಟ್ಟೆಯ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುತ್ತದೆ. ತಪ್ಪಿದರೆ ಹಿಂದುಗಡೆ ಚಾಡಿ ಹೇಳುತ್ತದೆ.

ಗೋಪುರದಲ್ಲಿ ದಾರಿ ನೆಟ್ಟಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನಡುವೆ ಕವಲು ಒಡೆಯುತ್ತದೆ. ಯಾವ ಕವಲಿಗೆ ಮೊದಲು ಹೋಗಬೇಕು, ಎಲ್ಲಿಂದ ತಿರುಗಬೇಕು ಅಂತ ಮೊದಲೇ ಯೋಚಿಸಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ಒಂದು ಖಾಲಿ ಜಾಗ ಅನಾಥವಾಗಿ ಉಳಿಯುತ್ತದೆ. ನನಗೆ ಇದು ಸಿಂಗಲ್ ಲೈನಿನ ಕ್ರಾಸಿಂಗ್ ಹಾಗೆ ಕಂಡಿತು. ಹೋಗುವ ಗಾಡಿ, ಬರುವ ಗಾಡಿ, ಯಾವ ಸ್ಟೇಷನ್ನಿನಲ್ಲಿ ಯಾವುದನ್ನು ಹಿಡಿದು ನಿಲ್ಲಿಸಬೇಕು ಅನ್ನೋ ಲೆಕ್ಕ. ಇಡೀ ಸರ್ವಿಸ್‌ನಲ್ಲಿ ನನ್ನ ಗಾಡಿಯನ್ನು ಬೇರೆಯವರು ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ನಿಲ್ಲಿಸಿದರು. ಈಗ ಕಂಟ್ರೋಲರ್ ನಾನೇ.

ಆ ದಿನದ ಅಂದಾಜು 3.30. ಕಪ್ ಇಡಲು ಹೋದರೆ ಗಡಿಯಾರ 4.40 ತೋರಿಸುತ್ತಿತ್ತು. ಅಡುಗೆಮನೆಯಲ್ಲಿ ಸುಮಾರು ಹೊತ್ತು ಹಾಗೇ ನಿಂತೆ. ಒಂದು ತಾಸು ಹತ್ತು ನಿಮಿಷ ಎಲ್ಲಿ ಹೋಯಿತು? ಜರ್ನಲ್‌ನಲ್ಲಿ ಇಷ್ಟು ನಿಮಿಷಕ್ಕೆ ಲೆಕ್ಕ ಸಿಗದಿದ್ದರೆ ವಿವರಣೆ ಬರೆದು ಕೊಡಬೇಕಾಗುತ್ತಿತ್ತು.

ನನ್ನ ಬಲಗಡೆ ಕೂರುವ ಹುಡುಗಿ ಮನಶ್ಶಾಸ್ತ್ರದಲ್ಲಿ ಎಂ.ಎ. ಓದುತ್ತಾಳೆ. ನನ್ನ ಪುಸ್ತಕ ಕಸಿದು ನೋಡಿ ನಕ್ಕಳು. "ಕಾಕಾ, ತಲಿಯೊಳಗ ಒಂದು ಮೀಟರ್ ಟಿಕ್ ಟಿಕ್ ಅಂತಿರತೈತಿ ಅನ್ಕೋರಿ. ಅದರ ಕಡೆ ಕಿವಿ ಕೊಟ್ಟು ಕುಂತ್ರ ಎಲ್ಲಾ ಟಿಕ್ ಎಣಿಕಿಗೆ ಬರ್ತಾವ. ಎಳಿ ಎಣಸಾಕ ಹತ್ತಿದ್ರ ಎಷ್ಟೋ ಟಿಕ್ ಹಂಗ ತಪ್ಪಿಸ್ಕೊಂಡು ಹೋಗ್ತಾವ. ಎಣಿಕಿ ಕಡಿಮಿ ಬಂತು, ಹೊತ್ತು ಕಡಿಮಿ ಆತು." ಆಮೇಲೆ ತಾನೇ ಸೇರಿಸಿದಳು: "ಇದು ಮಾಡೆಲ್ ರೀ ಮತ್ತ. ತಲಿ ಸೀಳಿ ನೋಡಿದ್ರ ಮೀಟರ್ ಸಿಗೂದಿಲ್ಲ."

ಗಡಿಯಾರ ಇಲ್ಲದ ಕೋಣೆಯ ಬಗ್ಗೆ ನಾನು ಗೊಣಗಿದಾಗ ಇನ್ನೊಂದು ಕಥೆ ಹೇಳಿದಳು. 1962ರಲ್ಲಿ ಮಿಷೆಲ್ ಸಿಫ್ರ್ ಅನ್ನೋ ಫ್ರಾನ್ಸಿನ 23 ವರ್ಷದ ಹುಡುಗ ಗಡಿಯಾರ, ಬಿಸಿಲು ಎರಡೂ ಇಲ್ಲದ ಗುಹೆಯಲ್ಲಿ ಒಬ್ಬನೇ ಎರಡು ತಿಂಗಳು ಇದ್ದನಂತೆ. ಹೊರಗೆ ತಂದ ದಿನ ಸೆಪ್ಟೆಂಬರ್ 14. ಅವನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20. ಒಳಗಿದ್ದಾಗ ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸು ಅಂದರೆ ಅವನು ತೆಗೆದುಕೊಂಡದ್ದು ಐದು ನಿಮಿಷ. ಇದು ಕೇಳಿ ನನಗೆ ಮಜಾ ಅನಿಸಲಿಲ್ಲ, ಸ್ವಲ್ಪ ಹೆದರಿಕೆಯಾಯಿತು. ಆ ದಿನ ಕಪ್ ಎರಡು ಸಲ ಇಡಲು ಹೋದೆ.

ಎಲ್ಲಾ ಹೊಲಿಗೆಗೂ ಹೊತ್ತು ಹೀಗೆ ಓಡುತ್ತದೆ ಅಂದುಕೊಳ್ಳಬೇಡಿ. ಮೆಂತಿ ಅಂದರೆ ಸುಮ್ನೆ ಗುಣಿಸು ಚಿಹ್ನೆಯ ಹೊಲಿಗೆ. ನೋಡಲು ಚೆಂದ, ತುಂಬಿಕೊಂಡಿರುತ್ತದೆ. ಆದರೆ ಹತ್ತು ನಿಮಿಷಕ್ಕೆ ಕೈಗೆ ಬಂತು. ಆಮೇಲೆ ಒಂದೇ ಥರ. ಆ ದಿನ ಅಂದಾಜು 4.45, ನಿಜ 4.05. ತದ್ವಿರುದ್ಧವಾಗಿ, ಹನ್ನೆರಡನೇ ದಿನ ಆನೆ ಅಂಬಾರಿ ಕೊಟ್ಟರು. ಅದು ನನ್ನ ಅಳತೆ ಮೀರಿದ್ದು. ಸೊಂಡಿಲು ಎಲ್ಲಿ, ಅಂಬಾರಿ ಎಲ್ಲಿ ತಿಳಿಯದೆ ಬೆವರಿದೆ. ಅವತ್ತೂ ಹೊತ್ತು ಕುಂಟಿತು. ಹುಡುಗಿ ಇದಕ್ಕೂ ಒಬ್ಬ ವಿದ್ವಾಂಸನ ಹೆಸರು ಹೇಳಿದಳು, ಚಿಕ್‌ಸೆಂಟ್‌ಮಿಹಾಯ್ ಅಂತ. ಹೆಸರು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಒಂದು ಸ್ಟೇಷನ್ ದಾಟಬಹುದು. ಕೆಲಸ ತೀರಾ ಸುಲಭ ಆದರೆ ಬೇಸರ, ತೀರಾ ಕಷ್ಟ ಆದರೆ ಕಳವಳ, ಎರಡರ ನಡುವೆ ಸಿಕ್ಕಾಗ ಮನುಷ್ಯ ಮುಳುಗುತ್ತಾನೆ ಅಂತ ಅವರು ಹೇಳಿದ್ದರಂತೆ. ಅಕ್ಕೋರಿಗೆ ಈ ಹೆಸರು ಗೊತ್ತಿಲ್ಲ. ಆದರೆ ಮುಂದಿನ ಕ್ಲಾಸಿನಲ್ಲೇ ಆನೆ ವಾಪಸ್ ತಗೊಂಡು ತುಳಸಿ ಕಟ್ಟೆ ಕೊಟ್ಟರು. ಯಾರಿಗೆ ಯಾವಾಗ ಯಾವ ನಮೂನೆ ಕೊಡಬೇಕು ಅನ್ನುವ ಅಂದಾಜು ಅವರ ಬೆರಳ ತುದಿಯಲ್ಲಿದೆ. ನನ್ನ ಪ್ರಕಾರ ಫೀ ಕೊಡುವುದು ಇದಕ್ಕೆ. ಹೊಲಿಗೆ ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ.

ಸಿಗುತ್ತಾರೆ ಅಂದೆನಲ್ಲ, ಹೆಂಡತಿ ಇದಕ್ಕೂ ಮೊದಲು 799 ರೂಪಾಯಿ ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತಗೊಂಡಿದ್ದಳು. ನಾನೂ ನೋಡಿದೆ. 15 ನಿಮಿಷದ ವಿಡಿಯೋ. ಕೆಳಗೆ ಒಂದು ಕೆಂಪು ಗೆರೆ ಎಡದಿಂದ ಬಲಕ್ಕೆ ತೆವಳುತ್ತದೆ. ನಾನು ಸೂಜಿ ನೋಡಲಿಲ್ಲ, ಆ ಗೆರೆಯನ್ನೇ ನೋಡಿದೆ. ಅದಕ್ಕಿಂತ ನಮ್ಮ ಪಡಸಾಲೆ ಗಡಿಯಾರ ವಾಸಿ.

ಒಂದು ಅವಘಡವನ್ನೂ ಹೇಳಬೇಕು. ಒಂಬತ್ತನೇ ದಿನ ಗೋಪುರದ ಮೇಲಿನ ಸಾಲಿನಿಂದ ವಾಪಸ್ ಬರುತ್ತಿದ್ದೆ. ಮೂರು ಎಳೆ ಖಾಲಿ ಇತ್ತು. ನಾಲ್ಕು ಇರಬೇಕು. ಹೋಗುವಾಗಲೇ ಎಲ್ಲೋ ಒಂದು ಎಳೆ ನುಂಗಿದ್ದೆ. ಅಕ್ಕೋರು ಬಟ್ಟೆ ತಿರುವಿ, ಬೆಳಕಿಗೆ ಹಿಡಿದು, ಕೆಳಗಿನಿಂದ ಎರಡನೇ ಮೆಟ್ಟಿಲಿಗೆ ಉಗುರು ಊರಿದರು. "ಇಲ್ಲಿಂದ ಬಿಚ್ರಿ" ಅಂದರು. ಅಷ್ಟೆ. ಹೊಲಿಯಲು ಎರಡು ಮಧ್ಯಾಹ್ನ ಹಿಡಿದದ್ದು. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಎಳೆಯುತ್ತಾ ಕುಳಿತೆ. ಕೆಂಪು ದಾರ ಸುರುಳಿ ಸುರುಳಿಯಾಗಿ ತೊಡೆಯ ಮೇಲೆ ಬಿತ್ತು. ಬಟ್ಟೆಯಲ್ಲಿ ಗೋಪುರದ ಬದಲು ಸಾಲು ತೂತು ಉಳಿದವು. ಒಂದು ತಾಸಾದರೂ ಬಿಚ್ಚಿದೆ ಅಂತ ನನ್ನ ಲೆಕ್ಕ. ಅಡುಗೆಮನೆ ಗಡಿಯಾರದ ಪ್ರಕಾರ 25 ನಿಮಿಷ. ಅದೇ ದಾರ, ಅದೇ ಬಟ್ಟೆ, ಅದೇ ಕೈ.

ವಾಪಸ್ ಬರುವ ಹೊಲಿಗೆ ಹೋಗುವ ಹೊಲಿಗೆಗಿಂತ ಬೇಗ ಮುಗಿದಂತೆ ಅನಿಸುತ್ತದೆ. ಇದನ್ನು ಹೇಳಿದ್ದಕ್ಕೆ ಹುಡುಗಿ ಹುರುಪಾದಳು. ಪ್ರಯಾಣದಲ್ಲೂ ಹಾಗೇ ಅಂತೆ. ಡಚ್ ಸಂಶೋಧಕರು 2011ರಲ್ಲಿ ಇದನ್ನು ಅಳೆದು ಬರೆದಿದ್ದಾರೆ, ವಾಪಸ್ ದಾರಿ ಸರಾಸರಿ 22% ಕಡಿಮೆ ಅನಿಸಿತ್ತಂತೆ. ಹೋಗುವಾಗ ಇಷ್ಟರಲ್ಲಿ ಮುಟ್ಟುತ್ತೇವೆ ಅಂದುಕೊಂಡಿರುತ್ತೇವೆ, ಅದಕ್ಕಿಂತ ಜಾಸ್ತಿ ಆಗುತ್ತದೆ. ಬರುವಾಗ ಉದ್ದ ದಾರಿ ಅಂತ ಮನಸ್ಸು ಮೊದಲೇ ತಯಾರಾಗಿರುತ್ತದೆ. ನನಗಂತೂ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋಗುವಾಗ ಉಣಕಲ್, ನವನಗರ ಎಲ್ಲಾ ಲೆಕ್ಕಕ್ಕೆ ಬರುತ್ತವೆ. ಬರುವಾಗ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಕೂತರೆ ಕಣ್ಣು ಬಿಡುವಷ್ಟರಲ್ಲಿ ಹುಬ್ಬಳ್ಳಿ.

ಈಗ ನನ್ನನ್ನು ನಿಜವಾಗಿ ಕಾಡಿದ ವಿಷಯ. ಗೂಡ್ಸ್ ಗಾರ್ಡ್ ಅಂದರೆ ಓಡುವುದಕ್ಕಿಂತ ಕಾಯುವ ಕೆಲಸ. ಲೈನ್ ಡಬಲ್ ಆಗುವ ಮುಂಚೆ, ಅದಿರಿನ ಗಾಡಿ ಹಿಡಿದು ಅಣ್ಣಿಗೇರಿಯಲ್ಲೋ ಹುಲಕೋಟಿಯಲ್ಲೋ ಹರ್ಲಾಪುರದಲ್ಲೋ ಲೂಪ್ ಲೈನಿನಲ್ಲಿ ನಿಂತರೆ ಎದುರಿನ ಗಾಡಿ ದಾಟುವವರೆಗೆ ಅಲ್ಲೇ. ಡ್ರೈವರ್ ಅರ್ಧ ಕಿಲೋಮೀಟರ್ ಮುಂದೆ. ಹಿಂದಿನ ಬ್ರೇಕ್ ವ್ಯಾನಿನಲ್ಲಿ ನಾನೊಬ್ಬನೇ, ಒಂದು ಕೈ ದೀಪ. ಮೂರು ತಾಸು ಅಂದರೆ ಮೂರು ವರ್ಷ. ಅಂಥ ರಾತ್ರಿಗಳು ನೂರಾರು. ಆದರೆ ಈಗ ಕೂತು ನೆನೆಸಿಕೊಂಡರೆ ಬರುವುದು ಮೂರೇ. ಹರ್ಲಾಪುರದಲ್ಲಿ ಮಳೆ ಬಿದ್ದು ಕಪ್ಪೆಗಳು ಕಿವಿ ಕಿತ್ತುಹೋಗುವಂತೆ ಕೂಗಿದ ರಾತ್ರಿ. ಅಣ್ಣಿಗೇರಿಯಲ್ಲಿ ಬ್ರೇಕ್ ವ್ಯಾನಿನ ಮೆಟ್ಟಿಲ ಮೇಲೆ ಹಾವು ಮಲಗಿದ್ದ ರಾತ್ರಿ. ಹುಲಕೋಟಿಯಲ್ಲಿ ಯಾರೋ ಪುಣ್ಯಾತ್ಮ ಕಾಗದದಲ್ಲಿ ಬಿಸಿ ಮಿರ್ಚಿ, ಚುರುಮುರಿ ಕಟ್ಟಿ ತಂದುಕೊಟ್ಟ ರಾತ್ರಿ. ಉಳಿದದ್ದೆಲ್ಲ ಒತ್ತಿ ಮಡಚಿಟ್ಟ ಹಾಸಿಗೆಯ ಹಾಗೆ, ಒಂದು ಮೂಲೆಯಲ್ಲಿ ಹಿಡಿಸಿಬಿಟ್ಟಿದೆ.

ಕ್ಲಾಸಿನ 16 ದಿನ ಕೇಳಿ, ಬಿಡಿ ಬಿಡಿಯಾಗಿ ಹೇಳುತ್ತೇನೆ. ಸೂಜಿ ಕಳೆದು ಎಂಟೂ ಜನ ಚಾಪೆ ಕೊಡವಿದ್ದು ಆರನೇ ದಿನ. ಕರೆಂಟ್ ಹೋಗಿ ಕಿಟಕಿ ಹತ್ತಿರ ಗುಂಪಾಗಿ ಕೂತದ್ದು ಎಂಟನೇ ದಿನ. ನನ್ನ ಗೋಪುರದ ಹಿಂಬದಿ ನೋಡಿ ಅಕ್ಕೋರು ಏನೂ ಮಾತಾಡದೆ ಮುಂದಿನವರ ಹತ್ತಿರ ಹೋದದ್ದು, ಅಂದರೆ ಪಾಸು, ಹನ್ನೊಂದನೇ ದಿನ. ಅಲ್ಲಿ ಕೂತಾಗ ಇದ್ದೂ ಇಲ್ಲದಂತೆ ಜಾರಿಹೋದ ಹೊತ್ತು ಈಗ ನೋಡಿದರೆ ಇಷ್ಟು ಅಗಲ ಹರಡಿಕೊಂಡಿದೆ. ಕಾಯುವಾಗ ಎಷ್ಟೊಂದು ಉದ್ದ ಇದ್ದದ್ದು ಅಷ್ಟು ಗಿಡ್ಡ ಆಗಿದೆ. ಇದನ್ನೂ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿಟ್ಟಿದ್ದಾರಂತೆ. ಇರಲಿ. ಅವರಿಗೆ ಹರ್ಲಾಪುರ ಗೊತ್ತಿರಲಿಲ್ಲ.

ಹುಡುಗಿ ನನ್ನ ಎರಡು ಕಾಲಂಗಳನ್ನು ಒಪ್ಪುವುದಿಲ್ಲ. "ಚಹಾ ಬಂದ್ರ ಟೈಮ್ ಹೇಳಬೇಕು ಅಂತ ನಿಮಗ ಮೊದಲ ಗೊತ್ತೈತಿ ಕಾಕಾ. ಮೊದಲ ಗೊತ್ತಿದ್ರ ಅಂದಾಜು ಬ್ಯಾರೆ ಬರತೈತಿ, ಆಮ್ಯಾಲೆ ಒಮ್ಮಿಂದೊಮ್ಮೆ ಕೇಳಿದ್ರ ಬ್ಯಾರೆ ಬರತೈತಿ. ನಿಮ್ಮ ಡೇಟಾ ಕೆಟ್ಟೈತಿ." ಕೆಟ್ಟಿರಬಹುದು. ಹದಿಮೂರನೇ ದಿನದಿಂದ ಪುಸ್ತಕದಲ್ಲಿ ಏನೂ ಇಲ್ಲ. ತುಳಸಿ ಕಟ್ಟೆಯ ಮೂಲೆ ತಿರುಗಿಸುವ ಗಡಿಬಿಡಿಯಲ್ಲಿ ಬರೆಯುವುದು ಮರೆತೇ ಹೋಯಿತು. ಎರಡು ಸಲ ಚಹಾವೂ ಆರಿಹೋಯಿತು.

ಇನ್ನು ಕೊರತೆಗಳು. ಒಂದೇ ಟ್ಯೂಬ್‌ಲೈಟ್, ಅದೂ ಬಾಗಿಲ ಕಡೆ. ಕಿಟಕಿ ಪಕ್ಕದ ಜಾಗ ಬೇಕಾದರೆ 2.15ಕ್ಕೇ ಹೋಗಿ. ನಾಲ್ಕು ಗಂಟೆ ಮೇಲೆ ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದಿಲ್ಲ, ಆದ್ದರಿಂದ ಶುರುವಿಗೆ ತಿಳಿ ಬಣ್ಣದ ಬಟ್ಟೆಯನ್ನೇ ಕೇಳಿ ತಗೊಳ್ಳಿ. ಬೈಕ್ ನಿಲ್ಲಿಸಲು ಜಾಗ ಇಲ್ಲ. ನೇಗಿ ಹೊಲಿಗೆಗೆ ಎರಡೇ ದಿನ ಕೊಟ್ಟರು, ಸಾಲಲಿಲ್ಲ. ಚಹಾದಲ್ಲಿ ಸಕ್ಕರೆ ವಿಪರೀತ, ಶುಗರ್ ಇದ್ದವರು ಮೊದಲೇ ಹೇಳಬೇಕು. ಹೆಂಡತಿಯ ಫೀಯಲ್ಲಿ ಗಂಡ ಬರಬಹುದೇ ಅನ್ನುವ ವಿಷಯದಲ್ಲಿ ಅವರು ಎರಡನೇ ಪ್ರಶ್ನೆ ಕೇಳಲಿಲ್ಲ, ಅದು ಒಳ್ಳೆಯ ವಿಷಯ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಕುರ್ಚಿಗೆ. ಗಂಡಸರ ಉದ್ದಕ್ಕೆ ಅದು ಆಗುವುದಿಲ್ಲ. ಕೂತಾಗ ಏನೂ ಗೊತ್ತಾಗುವುದಿಲ್ಲ. 5.30ಕ್ಕೆ ಎದ್ದು ನಿಂತಾಗ ಸೊಂಟ ಮೂರು ತಾಸಿನ ಬಿಲ್ಲನ್ನು ಒಟ್ಟಿಗೆ ಕೈಗೆ ಕೊಡುತ್ತದೆ. ಮನೆಯಿಂದ ಒಂದು ದಿಂಬು ತಗೊಂಡು ಹೋಗಿ.